ನೆತ್ತಿಯ ಮೇಲಿನ ಸೂರ್ಯ

ವೈದ್ಯರು ವಾರಿಜಾಳ ನಾಡಿ ಬಿಟ್ಟು ಅವಳ ಅತ್ತೆಯ ಕಡೆ ತಿರುಗಿದರು. "ಇಷ್ಟು ಸೊರಗಿದ್ದಾಳೆ. ಊಟ ಎಷ್ಟೊತ್ತಿಗೆ?"

"ಗಂಡ ಬಂದು ಉಂಡ ಮೇಲೆ. ನಮ್ಮನೆ ಪದ್ಧತಿ."

"ಮತ್ತೆ ಮೈ ಹೇಗೆ ತುಂಬ್ಕೊಳ್ಳುತ್ತೆ? ಸೂರ್ಯ ನೆತ್ತಿಗೆ ಬಂದಾಗ ಜಠರಾಗ್ನಿ ಜೋರಾಗಿರುತ್ತೆ. ಆಗಲೇ ಉಣ್ಣಬೇಕು. ಯಾರಿಗೂ ಕಾಯಕೂಡದು."

ಅತ್ತೆ ತಲೆ ತಗ್ಗಿಸಿದರು. ತನ್ನ ಬಾಯಿಂದ ಬಾರದ ಮಾತನ್ನು ದೊಡ್ಡವರೊಬ್ಬರು ಆಡಿದ್ದಕ್ಕೆ ವಾರಿಜಾಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ವೈದ್ಯರ ಹೆಂಡತಿ ಒಳಬಾಗಿಲಿಗೆ ಬಂದರು. ಬಾಗಿಲು ಹಿಡಿದ ಕೈಯಲ್ಲಿ ಬಳೆಗಳು ಮೊಣಕೈವರೆಗೆ ಜಾರಿದ್ದವು.

"ಮೂರು ಗಂಟೆ ಆಯ್ತು. ಎಲೆ ಹಾಕ್ಲಾ? ನನಗೂ ಹಸಿವಾಗ್ತಿದೆ."

"ಇನ್ನೂ ಜನ ಇದ್ದಾರಲ್ಲ," ವೈದ್ಯರು ರೇಗಿದರು. "ಸ್ವಲ್ಪ ಕಾಯೋಕಾಗಲ್ವಾ?"

ಅತ್ತೆ ತಲೆಯೆತ್ತಿ, ಸೆರಗು ಸರಿಮಾಡಿಕೊಂಡು ಎದ್ದರು.

"ನಡಿಯೇ ವಾರಿಜಾ. ನಿನ್ನ ಗಂಡ ಬರೋ ಹೊತ್ತಾಯ್ತು."