ಮಗ್ಗ ನಿಲ್ಲದ ಮಧ್ಯಾಹ್ನ

ಹಲ್ಲು ಬರುವ ಜ್ವರದಲ್ಲಿ ಎರಡು ರಾತ್ರಿ ಮನೆಯವರನ್ನೆಲ್ಲ ಎಚ್ಚರವಾಗಿಟ್ಟಿದ್ದ ಕೂಸು ಈಗಷ್ಟೇ ಸೀರೆಯ ಜೋಲಿಯಲ್ಲಿ ಕಣ್ಣು ಮುಚ್ಚಿತ್ತು. ಮುನಿತಾಯಮ್ಮ ಜೋಲಿಯ ಹಗ್ಗ ಬಿಡದೆ, ನಡುಮನೆಯ ಬಲ್ಬನ್ನೇ ನೋಡುತ್ತ ಕುಳಿತಿದ್ದರು. ಪಕ್ಕದ ಕೋಣೆಯಲ್ಲಿ ಗಂಡ ಸಂಜೀವಪ್ಪನವರ ಎರಡು ಮಗ್ಗಗಳು ಗೋಡೆ ಅದುರುವಂತೆ ಬಡಿದುಕೊಳ್ಳುತ್ತಿದ್ದವು. ಬೇರೆ ಮನೆಯ ಮಕ್ಕಳಾದರೆ ಆ ಸದ್ದಿಗೆ ಬೆಚ್ಚಿ ಬೀಳುತ್ತಿದ್ದವು. ಈ ಕೂಸಿಗೆ ಅದೇ ಜೋಗುಳ. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿಕೊಂಡು ಬಂದದ್ದು. ಕರೆಂಟು ಹೋಗಿ ಮಗ್ಗ ನಿಂತರೆ ಮಾತ್ರ, ಆ ನಿಶ್ಶಬ್ದಕ್ಕೇ ಎದ್ದು ಕಿರುಚುತ್ತಿತ್ತು.

ಇವತ್ತು ಕರೆಂಟು ತೆಗೆಯುವವಳು ಆ ಕೂಸಿನ ತಾಯಿಯೇ.

ಸೊಸೆ ರಂಜಿತ, ದೊಡ್ಡಬೆಳವಂಗಲದ ದಾರಿಯಲ್ಲಿರುವ ಬ್ಯಾಟರಿ ಯಾರ್ಡಿನಲ್ಲಿ ಇಂಜಿನಿಯರು. ಲಾರಿಗಳ ಕಂಟೇನರಿನಂಥ ಬಿಳಿ ಪೆಟ್ಟಿಗೆಗಳು ಸಾಲಾಗಿ ನಿಂತ ಜಾಗ ಅದು. ಬೆಳಿಗ್ಗೆ ಅವಳು ಒಲೆಯ ಮುಂದೆ ನಿಂತು ರೊಟ್ಟಿ ಬೇಯಿಸುವಾಗ ಮುನಿತಾಯಮ್ಮ ಕೇಳಿಯೇ ಬಿಟ್ಟಿದ್ದರು.

"ಅಲ್ಲ ಕಣಮ್ಮ, ಪುಟ್ಟಿ ಇವತ್ತಾದ್ರೂ ಒಂದಿಷ್ಟು ನಿದ್ದೆ ಮಾಡ್ಲಿ. ನಿನ್ ಪರೀಕ್ಷೆ ನಾಳೆ ಇಟ್ಕೊಳಕ್ಕಾಗಲ್ವಾ?"

"ನನ್ ಕೈಲಿಲ್ಲ ಅತ್ತೆ. ಮಧ್ಯಾಹ್ನ ಬೇಕೂಂತ್ಲೇ ಊರಿಗೆ ಬರೋ ಲೈನ್ ಕಡಿತೀವಿ. ಬಿಸಿಲಲ್ಲಿ ತುಂಬಿಸಿಟ್ಟಿರೋ ಸೋಲಾರ್ ಕರೆಂಟನ್ನ ಬ್ಯಾಟರಿ ಆ ಕ್ಷಣಕ್ಕೇ ಊರಿಗೆ ಕೊಡಬೇಕು. ಮುಂದೆ ಸೂರ್ಯಂಗೆ ಮೋಡ ಅಡ್ಡ ಬಂದ್ರೂ, ಹೊತ್ತು ಮುಳುಗಿದ್ರೂ ಯಾರಿಗೂ ಗೊತ್ತಾಗಬಾರ್ದು."

"ಕೊಡದೆ ಹೋದ್ರೆ?"

ರಂಜಿತ ರೊಟ್ಟಿ ಮಗುಚಿದಳು. "ಎರಡು ಸಲ ಕೊಡ್ಲಿಲ್ವಲ್ಲ. ಅದನ್ನ ಹೊಂದಿಸಿರೋಳು ನಾನೇ. ಈ ಸಲಾನೂ ಕೈಕೊಟ್ರೆ ಕೆಲಸ ಬೇರೆಯವರಿಗೆ ಒಪ್ಪಿಸ್ತಾರೆ." ಹೊಸಿಲು ದಾಟುವಾಗ ಮತ್ತೆ ತಿರುಗಿ ನಿಂತಳು. "ಅಲ್ಲಿ ಸ್ಕ್ರೀನ್ ಮೇಲೆ ಏನೇನೋ ಬರುತ್ತೆ ಅತ್ತೆ. ನಂಗೆ ಮಾತ್ರ ಪುಟ್ಟಿ ಎದ್ದಳಾ ಇಲ್ವಾ ಅನ್ನೋದೇ ರಿಸಲ್ಟು."

ಹಿಂದಿನ ಎರಡು ಸಲವೂ ಕೂಸು ಎದ್ದಿತ್ತು. ನೇಯುತ್ತಿದ್ದ ಸೀರೆಯ ಮೇಲೆ, ಮಗ್ಗ ನಿಂತ ಕಡೆ, ಗೆರೆಯೂ ಬಿದ್ದಿತ್ತು. ಸಂಜೀವಪ್ಪ ನೂಲು ಸರಿಮಾಡಿಕೊಂಡು ಮತ್ತೆ ನೇಯತೊಡಗಿದ್ದರು. ಸೊಸೆ ಮಾತ್ರ ರಾತ್ರಿ ಅನ್ನ ಕಲಸಿಕೊಂಡು ತುತ್ತೆತ್ತದೆ ಕೂತಿದ್ದು ಮುನಿತಾಯಮ್ಮನವರ ಕಣ್ಣಿಗೆ ಇನ್ನೂ ಕಟ್ಟಿದಂತಿತ್ತು.

ಮಗ್ಗದ ಮನೆಯಲ್ಲಿ ಮಾತೆಲ್ಲ ಕೈಯಲ್ಲೇ. ಸಂಜೀವಪ್ಪ ಬಾಗಿಲಿಗೆ ಬಂದು, ಆಯಿತಾ ಎಂದು ಹುಬ್ಬು ಹಾರಿಸಿದರು. ಇನ್ನೂ ಇಲ್ಲ ಎಂದು ಮುನಿತಾಯಮ್ಮ ಕೈಯಾಡಿಸಿದರು. ಅಷ್ಟರಲ್ಲಿ ಬಲ್ಬು ಒಮ್ಮೆ ರೆಪ್ಪೆ ಬಡಿಯಿತು. ಮಗ್ಗ ಒಂದು ಏಟು ತಪ್ಪಿದಂತಾಯಿತು. ಕೂಸಿನ ತುಟಿ ಅದುರಿತು, ಬಿಗಿದ ಮುಷ್ಟಿ ಬಿಚ್ಚಿಕೊಂಡಿತು. "ಬೇಡ ಕಣೆ ತಾಯಿ, ಬೇಡ" ಎಂದು ಮುನಿತಾಯಮ್ಮ ಜೋಲಿಯ ಹಗ್ಗ ಬಿಗಿ ಹಿಡಿದರು. ಬೇಡಿಕೊಂಡದ್ದು ಮೊಮ್ಮಗಳನ್ನೋ ಕರೆಂಟನ್ನೋ, ಅವರಿಗೇ ತಿಳಿಯದು.

ಮಗ್ಗ ನಿಲ್ಲಲಿಲ್ಲ. ಬಲ್ಬು ಉರಿಯುತ್ತಲೇ ಇತ್ತು. ಬಿಚ್ಚಿದ ಮುಷ್ಟಿ ಮೆಲ್ಲಗೆ ಮತ್ತೆ ಮುಚ್ಚಿಕೊಂಡಿತು. ಬಾಗಿಲಲ್ಲಿ ಸಂಜೀವಪ್ಪ ಎರಡೂ ಕೈ ಮೇಲೆತ್ತಿ, ಲುಂಗಿ ಜಾರುತ್ತಿದೆ ಎನ್ನುವುದನ್ನೂ ಮರೆತು ಒಂದು ಸುತ್ತು ಕುಣಿದರು.

ಮಡಿಲಲ್ಲಿದ್ದ ಫೋನು ನಡುಗಿತು.

"ಅತ್ತೆ, ಪುಟ್ಟಿ..." ಉಳಿದ ಮಾತು ಮಗ್ಗದ ಸದ್ದಿನಲ್ಲಿ ಮುಳುಗಿಹೋಯಿತು.

"ಏನಮ್ಮಾ? ಕೇಳ್ಸಲ್ಲ! ಜೋರಾಗಿ ಹೇಳು!"

ಫೋನಿನಲ್ಲಿ ಕೈಸನ್ನೆ ನಡೆಯದು. ಸೊಸೆಯ ಮಾತು ಕೇಳುವ ಆತುರ ಸಂಜೀವಪ್ಪನವರಿಗೇ ಹೆಚ್ಚು. "ತಡಿಯೇ, ಸರಿಯಾಗಿ ಕೇಳಿಸ್ಕೋ" ಎಂದವರೇ ಒಳಗೋಡಿ ಎರಡೂ ಮಗ್ಗಗಳ ಸ್ವಿಚ್ಚು ಆರಿಸಿದರು.

ಮನೆ ತಣ್ಣಗಾಯಿತು. ಕೂಸು ಕಣ್ಣು ಬಿಟ್ಟಿತು. ಸೂರು ನೋಡಿತು, ಅಜ್ಜಿಯ ಮುಖ ನೋಡಿತು, ಬೊಚ್ಚುಬಾಯಿ ಅಗಲಿಸಿ ಬೀದಿಗೆಲ್ಲ ಕೇಳುವಂತೆ ಕಿರುಚಿತು.

ಆ ಕಡೆ ರಂಜಿತಳ ದನಿ ಕುಸಿಯಿತು. "ಎದ್ದುಬಿಟ್ಟಳಾ? ಮಗ್ಗಾನೂ ನಿಂತ್ಹೋಗಿದೆ... ಇಲ್ಲಿ ಎಲ್ಲಾ ಸರಿ ಅಂತ ತೋರಿಸ್ತಿದೆಯಲ್ಲ ಅತ್ತೆ. ನಮ್ಮನೇಲೇ ಹೋಯ್ತಾ ಕರೆಂಟು?"

ಮುನಿತಾಯಮ್ಮ ತಲೆಯೆತ್ತಿದರು. ಬಲ್ಬು ಉರಿಯುತ್ತಿತ್ತು. ಬಾಗಿಲಾಚೆ ಸಂಜೀವಪ್ಪ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು, ಬೆಣ್ಣೆ ಕದ್ದು ಸಿಕ್ಕಿಬಿದ್ದ ಹುಡುಗನಂತೆ ನಿಂತಿದ್ದರು.

"ಅಳಬೇಡ ಕಣಮ್ಮ, ಕರೆಂಟು ಎಲ್ಲೂ ಹೋಗಿಲ್ಲ. ನಿನ್ ಬ್ಯಾಟ್ರಿ ಪಾಸು. ನಿಮ್ ಮಾವ ಫೇಲು."

"ಮಾವ ಏನ್ ಮಾಡಿದ್ರು?"

"ನಿನ್ ಮಾತು ಕೇಳ್ಸಲಿ ಅಂತ ಮಗ್ಗ ಆರಿಸಿದ್ರು! ರೀ, ಹಾಕ್ರೀ ಬೇಗ, ನೋಡ್ತಾ ನಿಂತಿದ್ದೀರಲ್ಲ!"

ಆ ಕಡೆಯಿಂದ ನಗು ಬಂತು. ನಗುವಿನ ಹಿಂದೆಯೇ ಮೂಗು ಒರೆಸಿಕೊಂಡ ಸದ್ದು. ಮಗ್ಗಗಳು ಮತ್ತೆ ಬಡಿಯತೊಡಗಿದವು. ಕೂಸಿನ ಅಳು ಅರ್ಧಕ್ಕೇ ನಿಂತಿತು. ರಂಜಿತ ಇನ್ನೂ ಏನೋ ಹೇಳುತ್ತಿದ್ದಳು, ಒಂದಕ್ಷರವೂ ಕೇಳಿಸಲಿಲ್ಲ. ಮುನಿತಾಯಮ್ಮ ಏನೆಂದು ಕೇಳಲೂ ಇಲ್ಲ. ಫೋನನ್ನು ಜೋಲಿಯೊಳಗೆ ಕೂಸಿನ ಮಗ್ಗುಲಿಗೆ ಇಟ್ಟು, ಹಗ್ಗ ಹಿಡಿದು, ಇಬ್ಬರನ್ನೂ ಒಟ್ಟಿಗೇ ತೂಗಿದರು.