ಹೆಸರು ನುಂಗುವ ಕಂಪ್ಯೂಟರ್

“ನಿನ್ನ ಕಂಪ್ಯೂಟರ್ ನಮ್ಮ ತಮ್ಮನ ಹೆಸರು ನುಂಗೇತಿ!” ತಾಂಬಾದ ಶಂಕರೆಪ್ಪ ಮಗಳ ಮದುವೆ ಕಾರ್ಡಿನ ಕಟ್ಟನ್ನು ಜುಲ್ಫಿಕರನ ಮೇಜಿನ ಮೇಲೆ ಎಸೆದ. ಹಿಂದೆ ತಮ್ಮ ಧೂಳಪ್ಪ ಮುಖ ಊದಿಸಿಕೊಂಡು ನಿಂತಿದ್ದ. ‘ಸುಖಾಗಮನ ಬಯಸುವವರು’ ಎಂಬಲ್ಲಿ ಹಿರಿಯಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಎಲ್ಲರೂ ಇದ್ದರು. ಬೆನ್ನಿಗೆ ಬಿದ್ದ ತಮ್ಮ ಮಾತ್ರ ಇರಲಿಲ್ಲ.

“ನೀವ ತಗಿ ಅಂದಿದ್ರಲ್ಲರಿ, ಕಾಕಾ,” ಎಂದ ಜುಲ್ಫಿಕರ.

“ನಾ? ನಾ ಯಾಕ ಅಂತೇನಿ? ಒಡಹುಟ್ಟಿದಾಂವ ಅದಾನ. ಬಸವಣ್ಣನ ಆಣಿ!”

ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ಜುಲ್ಫಿಕರ ಡಿಟಿಪಿ ಅಂಗಡಿ ತೆರೆದ ಮೇಲೆ ಇದು ಮದುವೆಗಳ ಎರಡನೇ ಹಂಗಾಮು. ಇವನ ಕಡೆ ಕಾರ್ಡು ಮಾಡಿಸಿದರೆ ಮನೆ ಒಡೆಯುತ್ತದೆ ಎಂದು ಸಂತೆಯಲ್ಲಿ ಒಬ್ಬರು ಅಂದರೂ ಸಾಕು, ಅಂಗಡಿಗೆ ಬೀಗ. ಟೈಪ್ ಮಾಡುವಾಗ ಪಕ್ಕದಲ್ಲೇ ಕೂತು ‘ಬರೋಬ್ಬರಿ ಐತಿ’ ಎಂದು ತಲೆಯಾಡಿಸಿದ ಪುಣ್ಯಾತ್ಮರು ಕಾರ್ಡು ಅಚ್ಚಾದ ಮೇಲೆ ಆಣೆ ಹಾಕುವುದು ಅವನಿಗೆ ಹೊಸದಲ್ಲ. ಅದಕ್ಕೇ ಒಂದು ಉಪಾಯ ಮಾಡಿದ್ದ. ಕಂಪ್ಯೂಟರಿನ ಜೊತೆ ಬಂದ ಸಿಡಿಯಲ್ಲಿ, ಪರದೆಯ ಮೇಲೆ ನಡೆದದ್ದನ್ನು ಮಾತಿನ ಸಮೇತ ಹಿಡಿದಿಡುವ ಸಾಫ್ಟ್‌ವೇರ್ ಪುಕ್ಕಟೆ ಬಿದ್ದಿತ್ತು. ಗಿರಾಕಿ ಬಂದು ಕೂತರೆ ಸಾಕು, ಮಾನಿಟರಿನ ಪಕ್ಕ ಮೈಕು ಇಟ್ಟು ಅದನ್ನು ಚಾಲು ಮಾಡುತ್ತಿದ್ದ. ಇವತ್ತು ಅದರ ದಿನ ಬಂತೆಂದು ಅವನಿಗೆ ಖುಷಿಯೋ ಖುಷಿ.

ಮಾನಿಟರನ್ನು ಅಣ್ಣತಮ್ಮಂದಿರ ಕಡೆ ತಿರುಗಿಸಿದ. ಪರದೆಯ ಮೇಲೆ ಬಾಣದ ಗುರುತು ಧೂಳಪ್ಪನ ಹೆಸರಿನ ಹತ್ತಿರ ಹೋಗಿ ನಿಂತಿತು. ಸ್ಪೀಕರಿನಿಂದ ಶಂಕರೆಪ್ಪನ ದನಿ ಬಂತು: “ಇಂವಂದು ತಗಿ. ನಿಶ್ಚಯಕ್ಕ ಕರದ್ರ ಊಟದ ಹೊತ್ತಿಗೆ ಬಂದಾನ, ಇಂವಗೊಂದು ಹೆಸರು ಬ್ಯಾರೆ!”

“ಸಿಟ್ಟಾಗ್ತಾರ್ರಿ, ಕಾಕಾ,” ಎಂದಿತು ಜುಲ್ಫಿಕರನ ದನಿ.

“ಆಗಲಿ. ಕಂಪ್ಯೂಟರ್ ತಪ್ಪು ಮಾಡೇತಿ ಅಂದರಾತು. ಅದೇನು ತಿರಗಿ ಮಾತಾಡ್ತೈತೇನು?”

ಪರದೆಯಲ್ಲಿ ಹೆಸರಿನ ಸುತ್ತ ಕಪ್ಪು ಬಿತ್ತು, ಆಮೇಲೆ ಹೆಸರೇ ಮಾಯವಾಯಿತು. ಧೂಳಪ್ಪ ಅಣ್ಣನನ್ನು ನೋಡಿದ. ಅಣ್ಣ ನೆಲ ನೋಡಿದ. ಜುಲ್ಫಿಕರ ನ್ಯಾಯಕ್ಕಾಗಿ ಕಾಯುತ್ತ ಕೂತ.

“ಏ ಜುಲ್ಫಿ,” ಧೂಳಪ್ಪನೇ ಬಾಯಿ ತೆರೆದ, “ನಮ್ಮ ಮನ್ಯಾಗಿನ ಮಾತು ಹಿಡದಿಡಾಕ ನಿನಗ ಯಾರು ಹೇಳ್ಯಾರ?”

“ಕೇಳು ಹಂಗ!” ಶಂಕರೆಪ್ಪನಿಗೆ ಹೋದ ಜೀವ ಬಂತು. “ಅಣ್ಣತಮ್ಮಂದ್ರು ಸಿಟ್ಟಿನ್ಯಾಗ ಏನರೆ ಅಂತೇವಿ. ನೀ ಅದರ ಸಿನಿಮಾ ತಗೀತಿ?”

ನ್ಯಾಯ ಹೀಗೆ ತೀರ್ಮಾನವಾಯಿತು: ರೆಕಾರ್ಡಿಂಗನ್ನು ಇಬ್ಬರ ಕಣ್ಣೆದುರೇ ಅಳಿಸಬೇಕು, ಕಾರ್ಡುಗಳನ್ನು ಪುಕ್ಕಟೆ ಮತ್ತೆ ಮಾಡಿಕೊಡಬೇಕು, ಯಾರೇ ಕೇಳಿದರೂ ‘ಕಂಪ್ಯೂಟರ್ ತಪ್ಪು’ ಎಂದು ಜುಲ್ಫಿಕರನೇ ಹೇಳಬೇಕು. ಬರುವಾಗ ಮುಖ ಕೊಟ್ಟು ಮಾತಾಡದಿದ್ದ ಅಣ್ಣತಮ್ಮಂದಿರು ಒಂದೇ ಮೋಟಾರ್ ಸೈಕಲ್ ಹತ್ತಿ ನಗುನಗುತ್ತ ಹೋದರು. ಜುಲ್ಫಿಕರ ತನ್ನ ಅಂಗಡಿಯ ಕಥೆ ಮುಗಿಯಿತು ಎಂದುಕೊಂಡ.

ಮುಗಿಯಲಿಲ್ಲ. ಸುದ್ದಿ ಇಂಡಿ, ಮುದ್ದೇಬಿಹಾಳ ಮುಟ್ಟಿತು. ಗಿರಾಕಿಗಳು ಬಸ್ಸು ಹಿಡಿದು ಬರತೊಡಗಿದರು. ಹೆಸರು ನುಂಗಿ, ಬೈಗುಳವನ್ನೂ ತಾನೇ ನುಂಗುವ ಕಂಪ್ಯೂಟರು ಯಾವ ಮರ್ಯಾದಸ್ಥರ ಮನೆಗೆ ಬೇಡ? ಒಬ್ಬರಿಗೆ ಭಾವ ಬೇಡವಾಗಿದ್ದರೆ ಇನ್ನೊಬ್ಬರಿಗೆ ಚಿಕ್ಕಪ್ಪ ಬೇಡವಾಗಿದ್ದ.

ಮದುವೆ ಮುಗಿದ ಮೇಲೆ ಒಂದು ದಿನ ಧೂಳಪ್ಪ ಒಬ್ಬನೇ ಬಂದ. ಹೊಸ ಮನೆಯ ವಾಸ್ತುಶಾಂತಿಯ ಕಾರ್ಡು ಮಾಡಿಸಬೇಕಿತ್ತು. ಹೆಂಡತಿಯ ತವರಿನವರ ಹೆಸರುಗಳನ್ನೆಲ್ಲ ಒಂದೂ ಬಿಡದೆ ಹೇಳಿದ.

“ಶಂಕರೆಪ್ಪ ಕಾಕಾರ ಹೆಸರು ಎಲ್ಲಿ ಹಾಕೂದ್ರಿ?” ಎಂದ ಜುಲ್ಫಿಕರ.

ಧೂಳಪ್ಪ ಎದ್ದು, ಮಾನಿಟರಿನ ಪಕ್ಕದ ಮೈಕಿನ ವೈರನ್ನು ಕಿತ್ತು, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಮತ್ತೆ ಕೂತ.

“ಹಾಂ, ಈಗ ಕೇಳು,” ಎಂದ.