ಊರಿನ ಎತ್ತರ

ಅಳುವುದಕ್ಕೆ ಮಗು ಸರಿಯಾಗಿ ಆ ಹೊತ್ತನ್ನೇ ಹುಡುಕಿಕೊಂಡಿತು. ತಾರಸಿಯ ಮೇಲೆ ಟೆಲಿಸ್ಕೋಪು ಸಜ್ಜಾಗಿ ನಿಂತಿತ್ತು. ಪಡುವಣದಲ್ಲಿ ಗೆರೆಯಂಥ ಚಂದ್ರ, ಅವನ ಮಗ್ಗುಲಿಗೇ ಕೆಂಪಗೆ ರೋಹಿಣಿ ನಕ್ಷತ್ರ. ಸೊಸೆ ಮಗುವನ್ನು ಭುಜಕ್ಕೆ ಹಾಕಿಕೊಂಡು ತಟ್ಟಿದಳು, ಕುಣಿಸಿದಳು, ಕೊನೆಗೆ ಬೇಡಿಕೊಂಡಳು. ಅಳು ತಾರಕಕ್ಕೇರಿತು.

“ಅದಕ್ಕೆ ಹಸಿವು ಕಣೇ. ನಾನು ಎತ್ತಿಕೊಂಡು ಏನು ಮಾಡಲಿ?” ಎಂದರು ಅತ್ತೆ.

ಸೊಸೆ ಸರ್ವೆ ಕಚೇರಿಯಲ್ಲಿ ನೆಲ ಅಳೆಯುವವಳು. ಹೆರಿಗೆ ರಜೆಯಲ್ಲಿ ಆಕಾಶಕ್ಕೆ ಕೈ ಹಾಕಿದ್ದಳು. ಚಂದ್ರ ಯಾವ ಊರಿನಲ್ಲಿ ಯಾವ ನಕ್ಷತ್ರವನ್ನು ಮರೆಮಾಡುತ್ತಾನೆಂದು ಹೇಳುವ ಒಂದು ತಂತ್ರಾಂಶವಿತ್ತು. ಎಲ್ಲೆಲ್ಲಿಯವರೋ ಸೇರಿ ಬರೆದದ್ದು, ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಅದು ಲೋಕದ ಊರುಗಳನ್ನೆಲ್ಲ ಸಮುದ್ರದ ಮಟ್ಟದಲ್ಲೇ ಇಟ್ಟು ಲೆಕ್ಕ ಹಾಕುತ್ತಿತ್ತು. ಬೆಟ್ಟದ ಹೆಗಲ ಮೇಲೆ ಕೂತ ಊರಿನವಳಿಗೆ ಇದನ್ನು ಸಹಿಸಲಾಗಲಿಲ್ಲ. ಎತ್ತರವನ್ನೂ ಸೇರಿಸಿ ಕೋಡ್ ತಿದ್ದಿ ಕಳಿಸಿದಳು. ತಂತ್ರಾಂಶದ ಆ ಭಾಗವನ್ನು ಕಾಯುತ್ತಿದ್ದ, ಬಳಗದಲ್ಲೆಲ್ಲ ಕರಡಿ ಎಂದೇ ಹೆಸರಾದ ಹಿರಿಯ ಗುರುಗುಟ್ಟಿದ: “ಚಂದ್ರ ಇರುವ ದೂರಕ್ಕೆ ನಿಮ್ಮ ಬೆಟ್ಟ ಯಾವ ಲೆಕ್ಕ? ಸುಮ್ಮನೆ ಕೋಡ್ ತೊಡಕಾಗುತ್ತದೆ. ಕಣ್ಣಾರೆ ಕಂಡ ಪುರಾವೆಯಿದ್ದರೆ ತನ್ನಿ.”

ಪುರಾವೆ ಸಿಗುವುದಿದ್ದರೆ ಈ ಸಂಜೆ. ತಂತ್ರಾಂಶದ ಪ್ರಕಾರ ರೋಹಿಣಿ ಚಂದ್ರನನ್ನು ಮುಟ್ಟದೆ ಪಕ್ಕದಲ್ಲೇ ಹಾದುಹೋಗುತ್ತದೆ. ಅವಳ ಪ್ರಕಾರ ಚಂದ್ರನ ಅಂಚನ್ನು ಸವರಿಕೊಂಡು ಹೋಗುತ್ತದೆ. ಇಂಥ ಸಂದರ್ಭ ಈ ಊರಿಗೆ ಮತ್ತೆ ಒದಗುವ ಹೊತ್ತಿಗೆ ಮಗು ಕಾಲೇಜಿಗೆ ಹೋಗುತ್ತಿರುತ್ತದೆ.

“ಅತ್ತೆ, ನೀವೇ ನೋಡಿಬಿಡಿ.”

“ನಾನಾ? ಸೂಜಿಗೆ ದಾರ ಪೋಣಿಸೋಕಾಗಲ್ಲ ನನಗೆ.”

“ಸೂಜಿ ಹತ್ತಿರದ್ದು. ದೂರದ್ದು ನಿಮಗೆ ಚೆನ್ನಾಗೇ ಕಾಣುತ್ತೆ. ಬೀದಿ ಕೊನೆ ಮನೆಗೆ ಯಾರು ಬಂದ್ರು, ಯಾರು ಹೋದ್ರು ಅಂತ ಇಲ್ಲಿಂದಲೇ ಹೇಳ್ತೀರಲ್ಲ!”

“ಅಲ್ವೇ, ಚಂದ್ರ ರೋಹಿಣಿ ಅಂದ್ರೆ ಗಂಡ ಹೆಂಡತಿ. ಅವರ ಮಧ್ಯೆ ಇಣುಕಿ ನೋಡೋದಾ?” ಎನ್ನುತ್ತಲೇ ಅತ್ತೆ ಸ್ಟೂಲ್ ಎಳೆದುಕೊಂಡು ಕೂತರು.

ಸೊಸೆ ಮೊಬೈಲನ್ನು ಅವರ ಬಾಯಿಯ ಹತ್ತಿರ ಇಟ್ಟಳು. ಅದರಲ್ಲಿ ಗಡಿಯಾರದ ಟಿಕ್ ಟಿಕ್ ಜೊತೆಗೆ ಮಾತೂ ದಾಖಲಾಗುತ್ತಿತ್ತು. “ನಕ್ಷತ್ರ ಮಾಯವಾದ್ರೆ ‘ಹೋಯ್ತು’ ಅನ್ನಿ, ಕಂಡ್ರೆ ‘ಬಂತು’ ಅನ್ನಿ. ಬೇರೇನೂ ಬೇಡ. ನನ್ನ ಮೇಲಿನ ಪ್ರೀತಿಗೆ ಇಲ್ಲದ್ದನ್ನ ಹೇಳಬೇಡಿ.”

“ಅಷ್ಟೊಂದು ಪ್ರೀತಿ ಇದೆ ಅಂತ ಯಾರು ಹೇಳಿದ್ರು ನಿನಗೆ?”

ಸೊಸೆ ನೀರಿನ ಟ್ಯಾಂಕಿಗೆ ಒರಗಿ, ಚಂದ್ರನಿಗೆ ಬೆನ್ನು ಹಾಕಿ ಕೂತು ಮಗುವಿಗೆ ಹಾಲು ಕೊಟ್ಟಳು. ಅಳು ನಿಂತಿತು. ಟಿಕ್ ಟಿಕ್ ಮಾತ್ರ ಉಳಿಯಿತು. ಅತ್ತೆ ಹುಟ್ಟಿದಾರಭ್ಯ ಇಷ್ಟು ಹೊತ್ತು ಸುಮ್ಮನಿದ್ದವರಲ್ಲ. ಆ ಮೌನ ಉದ್ದವಾದಷ್ಟೂ ಸೊಸೆಯ ನಂಬಿಕೆ ಕರಗುತ್ತ ಬಂತು. ಕರಡಿಯೇ ಸರಿ ಇರಬೇಕು. ನಿದ್ದೆಗೆಟ್ಟು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಕೇಳಿಬಿಡೋಣವೆಂದು ಬಾಯಿಗೆ ಬಂದ ಮಾತನ್ನು ತುಟಿ ಕಚ್ಚಿ ತಡೆದಳು.

“ಹೋಯ್ತು!”

ಅತ್ತೆಯ ಕೂಗಿಗೆ ಪಕ್ಕದ ತಾರಸಿಯ ಪಾರಿವಾಳಗಳು ಎದ್ದವು.

“ಬಂತು! ಅಯ್ಯೋ, ಮತ್ತೆ ಹೋಯ್ತು! ಬಂತು! ಏನೇ ಇದು, ನನ್ನ ಜೊತೆ ಕಣ್ಣಾಮುಚ್ಚಾಲೆ ಆಡ್ತಿದೆ! ಹೋಯ್ತು!”

ಸೊಸೆಗೆ ತಿಳಿದುಹೋಯಿತು. ಚಂದ್ರನ ಅಂಚು ನುಣುಪಲ್ಲ, ಅಲ್ಲಿ ಬೆಟ್ಟಗಳಿವೆ. ನಕ್ಷತ್ರ ಒಂದು ಬೆಟ್ಟದ ಹಿಂದೆ ಅಡಗಿ, ಕಣಿವೆಯಲ್ಲಿ ಇಣುಕಿ, ಮುಂದಿನ ಬೆಟ್ಟದ ಹಿಂದೆ ಅಡಗುತ್ತಿತ್ತು. ಗೊತ್ತಿಲ್ಲದವರು ಊಹಿಸಿ ಹೇಳುವ ಮಾತಲ್ಲ ಅದು. “ಗೆದ್ದೆ ಅತ್ತೆ, ಗೆದ್ದೆ!” ಎಂದು ಕೂಗಿಬಿಟ್ಟಳು. ಮಗು ಬೆಚ್ಚಿ ಒಮ್ಮೆ ಅವಳ ಮುಖ ನೋಡಿ ಮತ್ತೆ ತನ್ನ ಕೆಲಸಕ್ಕೆ ಮರಳಿತು. ಅತ್ತೆ ಮಾತ್ರ ಟೆಲಿಸ್ಕೋಪಿನಿಂದ ಕಣ್ಣು ಕೀಳಲಿಲ್ಲ.

ಬೆಳಿಗ್ಗೆ ಕರಡಿಯ ಉತ್ತರ ಬಂದಿತ್ತು. “ನಿಮ್ಮ ದಾಖಲೆ ಮತ್ತೆ ಮತ್ತೆ ಕೇಳಿದೆ. ಭಾಷೆ ತಿಳಿಯದು, ಆದರೆ ಆ ಕೂಗಿಗೆ ಅನುವಾದ ಬೇಕಿರಲಿಲ್ಲ. ಪ್ರತಿ ಕೂಗೂ ನಿಮ್ಮ ಲೆಕ್ಕದ ಹೊತ್ತಿಗೇ ಬಿದ್ದಿದೆ. ತಪ್ಪು ನನ್ನದು. ನಿಮ್ಮ ಕೋಡ್ ಸೇರಿಸಿದ್ದೇನೆ. ನೋಡಿದವರು ಯಾರೆಂದು ಬರೆಯಲಿ?”

“‘ಅತ್ತೆ’ ಅಂತ ಬರೀತೀನಿ,” ಎಂದಳು ಸೊಸೆ.

“ಬರಿ ಅತ್ತೆನಾ? ಯಾರ ಅತ್ತೆ ಅಂತ ಸೇರಿಸೇ. ನಾಲ್ಕು ಜನಕ್ಕೆ ಗೊತ್ತಾಗಲಿ.”

ಹೊಸ ಆವೃತ್ತಿ ಹೊರಬಂದ ವಾರದೊಳಗೆ, ಹೆಸರೇ ಕೇಳಿರದ ಯಾವುದೋ ಬೆಟ್ಟದೂರಿನ ಮೇಷ್ಟ್ರೊಬ್ಬರು ಬರೆದರು: “ನಮ್ಮದು ಮೋಡಕ್ಕಿಂತ ಮೇಲಿರುವ ಊರು. ಬರುವ ಶುಕ್ರವಾರ ನಮಗೆ ‘ಏನೂ ಕಾಣದು’ ಎಂದೇ ನಿಮ್ಮ ತಂತ್ರಾಂಶ ಮೊನ್ನೆಯವರೆಗೆ ಹೇಳುತ್ತಿತ್ತು. ಈಗ ನಕ್ಷತ್ರವೊಂದು ಚಂದ್ರನ ಅಂಚಿನಲ್ಲಿ ಅಡಗುವುದು ಕಾಣುತ್ತದೆ ಎನ್ನುತ್ತಿದೆ. ಇಡೀ ಶಾಲೆಯನ್ನು ಗುಡ್ಡ ಹತ್ತಿಸಲೇ? ಕಾಣದೆ ಹೋದರೆ ಮಕ್ಕಳೆದುರು ತಲೆ ಎತ್ತಲಾರೆ.”

ಸೊಸೆ ಆ ಗುಡ್ಡದ ಎತ್ತರ ಹಾಕಿ, ತಾನೇ ಇನ್ನೊಮ್ಮೆ ಲೆಕ್ಕ ಮಾಡಿ ನೋಡಿದಳು. ಆಮೇಲೆ ಒಂದೇ ಪದ ಬರೆದು ಕಳಿಸಿದಳು.

“ಹತ್ತಿಸಿ.”